ಅಮ್ಮನ ಹೂವಿನ ಗಾಡಿ ಎತ್ಕೊಂಡು ಹೋದರು, ಒಂದು ಚೀಟಿನೂ ಕೊಡಲಿಲ್ಲ. ಏನು ಮಾಡೋದು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಪುರಸಭೆ ಇರುವ ಊರು. ಅಮ್ಮ ಹಳೇ ಮಾರ್ಕೆಟ್ ಗೇಟಿನ ಪಕ್ಕ ಇಪ್ಪತ್ತು ವರ್ಷದಿಂದ ಹೂ ಮಾರ್ತಾರೆ. ಮೊನ್ನೆ ಶುಕ್ರವಾರ ಬೆಳಿಗ್ಗೆ, ಸರಿಯಾಗಿ ವ್ಯಾಪಾರದ ಹೊತ್ತಿಗೆ ಪುರಸಭೆಯವರು ಟ್ರ್ಯಾಕ್ಟರ್ ತಂದು ತಳ್ಳುಗಾಡಿ, ಛತ್ರಿ, ಎರಡು ಬುಟ್ಟಿ ಸೇವಂತಿಗೆ ಎಲ್ಲಾ ಹೇರ್ಕೊಂಡು ಹೋದರು. ಮೊದಲೇ ನೋಟಿಸ್ ಏನೂ ಇಲ್ಲ. ಕೇಳಿದ್ದಕ್ಕೆ 'ಫುಟ್‌ಪಾತ್ ಒತ್ತುವರಿ, ಆಫೀಸಿಗೆ ಬಂದು ದಂಡ ಕಟ್ಟಿ' ಅಂದರು. ಅಮ್ಮನ ಹತ್ತಿರ ವ್ಯಾಪಾರದ ಪ್ರಮಾಣಪತ್ರ ಇಲ್ಲ. ಬೀದಿ ವ್ಯಾಪಾರಿಗಳ ಸರ್ವೆಗೆ ಬಂದಾಗ ಅಜ್ಜಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದರು. ಆಮೇಲೆ ಪುರಸಭೆಯಿಂದ ಶಿಫಾರಸು ಪತ್ರ ಬರೆಸ್ಕೊಂಡು ಬೀದಿ ವ್ಯಾಪಾರಿಗಳಿಗೆ ಅಂತ ಕೇಂದ್ರದವರು ಮಾಡಿರೋ ಸ್ವನಿಧಿ ಸಾಲ 10,000 ತಗೊಂಡು ತೀರಿಸಿದ್ದಾರೆ, ಅಷ್ಟೇ. ಪ್ರಮಾಣಪತ್ರ ಇಲ್ಲ ಅಂದ್ರೆ ನಮಗೇನೂ ಹಕ್ಕಿಲ್ವಾ?

ಉತ್ತರ (ವಕೀಲರು): ಹಕ್ಕಿದೆ ತಾಯಿ. ಮೊದಲು ಆ ಶಿಫಾರಸು ಪತ್ರ ಹುಡುಕಿ, ನಾಲ್ಕು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ನೀವು 'ಅಷ್ಟೇ' ಅಂದಿರಲ್ಲ, ನಿಮ್ಮ ಕೈಯಲ್ಲಿರುವ ದೊಡ್ಡ ಸಾಕ್ಷಿಯೇ ಅದು. ಈಕೆ ನಮ್ಮೂರಿನ ಬೀದಿ ವ್ಯಾಪಾರಿ ಅಂತ ಬ್ಯಾಂಕಿಗೆ ಬರೆದುಕೊಟ್ಟ ಕಚೇರಿಯೇ ಈಗ ಈಕೆ ಯಾರೋ ಒತ್ತುವರಿದಾರಳು ಅನ್ನೋದು ಹೇಗೆ?

ಬೀದಿ ವ್ಯಾಪಾರಿಗಳಿಗೆ ಅಂತಲೇ 2014ರಲ್ಲಿ ಕೇಂದ್ರದ ಕಾಯ್ದೆ ಬಂದಿದೆ. ಅದಕ್ಕೂ ಎಷ್ಟೋ ಮೊದಲು, 1989ರಲ್ಲಿ, ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೀದಿ ವ್ಯಾಪಾರವೂ ಸಂವಿಧಾನದ 19(1)(ಜಿ) ವಿಧಿ ಕೊಡುವ ವೃತ್ತಿ-ವ್ಯಾಪಾರದ ಹಕ್ಕು, ಆದರೆ ಅದಕ್ಕೆ ನ್ಯಾಯವಾದ ನಿರ್ಬಂಧ ಹಾಕಬಹುದು ಅಂದಿತ್ತು. 2014ರ ಕಾಯ್ದೆ ಆ ನಿರ್ಬಂಧ ಯಾವುದು, ಎಷ್ಟು ಅಂತ ಹೇಳುತ್ತೆ. ಅದರ 3ನೇ ಕಲಂ ಪ್ರಕಾರ ಐದು ವರ್ಷಕ್ಕೊಮ್ಮೆಯಾದರೂ ಸರ್ವೆ ಆಗಬೇಕು. ಸರ್ವೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ, ಸ್ಥಳಾಂತರವನ್ನೂ ಮಾಡುವಂತಿಲ್ಲ.

ಇನ್ನು ಎಬ್ಬಿಸಲೇಬೇಕು ಅಂತಿದ್ದರೂ 18ನೇ ಕಲಂ ಪ್ರಕಾರ 30 ದಿನದ ನೋಟಿಸ್ ಕೊಡಬೇಕು. ಆ ಗಡುವು ಮುಗಿದ ಮೇಲೂ ಜಾಗ ಬಿಡದಿದ್ದರೆ ಮಾತ್ರ 19ನೇ ಕಲಂನಲ್ಲಿ ಸಾಮಾನು ಜಪ್ತಿ. ಜಪ್ತಿ ಮಾಡಿದಾಗ ಏನೇನು ತಗೊಂಡರು ಅಂತ ಪಟ್ಟಿ ಮಾಡಿ, ಸಹಿ ಹಾಕಿ, ಒಂದು ಪ್ರತಿ ವ್ಯಾಪಾರಿ ಕೈಗೆ ಕೊಡಲೇಬೇಕು. ನೀವು ಬಿಡಿಸಿಕೊಳ್ಳಲು ಕೇಳಿದ ಮೇಲೆ ಗಾಡಿ, ಛತ್ರಿಯಂಥವನ್ನು ಎರಡು ಕೆಲಸದ ದಿನದೊಳಗೆ, ಹೂವು ಹಣ್ಣು ತರಕಾರಿಯಂಥ ಕೆಡುವ ಪದಾರ್ಥವನ್ನು ಅದೇ ದಿನ ಬಿಡಬೇಕು. ಇದಕ್ಕೆ ನಿಗದಿಯಾದ ಶುಲ್ಕ ಇರುತ್ತೆ, ಕಟ್ಟಿ. ಆದರೆ ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ದಂಡ ಅಂತ ಬಾಯಲ್ಲಿ ಹೇಳಿದರೆ 'ಯಾವ ಕಲಂ, ಎಷ್ಟು ದಿನದ್ದು, ಬರೆದುಕೊಡಿ' ಅನ್ನಿ. ನೋಟಿಸ್ ಗಡುವು ಮುಗಿದೂ ಏಳದವರಿಗೇ ಕಾಯ್ದೆ ಹಾಕಿರುವ ಮಿತಿ ದಿನಕ್ಕೆ 250 ರೂಪಾಯಿ.

ಸಾಮಾನು ಬಿಡಿ ಅಂತ ನಾಳೆಯೇ ಪುರಸಭೆ ಮುಖ್ಯಾಧಿಕಾರಿ ಹೆಸರಿಗೆ ಎರಡು ಪ್ರತಿ ಅರ್ಜಿ ಬರೆಯಿರಿ, ಒಂದರ ಮೇಲೆ ಟಪಾಲು ವಿಭಾಗದ ಸೀಲು ಹಾಕಿಸಿಕೊಳ್ಳಿ. ಬಿಟ್ಟುಹೋದ ಹೆಸರು ಸೇರಿಸಿ ಅಂತ ಪಟ್ಟಣ ವ್ಯಾಪಾರ ಸಮಿತಿಗೆ ಇನ್ನೊಂದು ಅರ್ಜಿ ಇರಲಿ. ಆ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ನಿಮ್ಮೂರಲ್ಲಿ ಯಾರಿದ್ದಾರೆ ವಿಚಾರಿಸಿ. ನಾನು ನೋಡಿದ ಎಷ್ಟೋ ಕಡೆ ಸದಸ್ಯರಿಗೇ ತಾವು ಸದಸ್ಯರು ಅನ್ನೋದು ಗೊತ್ತಿರಲ್ಲ!

ಒಂದು ಎಚ್ಚರಿಕೆ. ಪ್ರಮಾಣಪತ್ರ ಬಂದ ಮೇಲೆ ಆ ಜಾಗ ಬೇರೆಯವರಿಗೆ ಬಾಡಿಗೆಗೆ ಬಿಡುವಂತಿಲ್ಲ. ಅಮ್ಮ ಇಲ್ಲವೇ ಮನೆಯವರೇ ಕೂರಬೇಕು.

ನಮ್ಮ ಈ ಗುಂಪಿನ ಇನ್ನೊಬ್ಬ ಸದಸ್ಯರು: ಸರ್, ನಾನು ರೈಲ್ವೆ ಸ್ಟೇಷನ್ ಕಾಂಪೌಂಡ್ ಒಳಗೆ ಕಡ್ಲೆಕಾಯಿ ಮಾರ್ತೀನಿ. ನನಗೂ ಇದೇ ಕಾಯ್ದೇನಾ?

ಉತ್ತರ: ಇಲ್ಲಪ್ಪ. ರೈಲ್ವೆ ಜಾಗಕ್ಕೂ ರೈಲಿಗೂ ಈ ಕಾಯ್ದೆ ಅನ್ವಯಿಸಲ್ಲ ಅಂತ ಮೊದಲ ಕಲಂನಲ್ಲೇ ಬರೆದಿದೆ. ಕಾಂಪೌಂಡ್ ದಾಟಿ ಪುರಸಭೆ ರಸ್ತೆಗೆ ಬಂದರೆ ಲೆಕ್ಕ ಬೇರೆ.

ಮತ್ತೊಬ್ಬ ಸದಸ್ಯೆ: ನಮ್ಮಲ್ಲಿ ಒಬ್ಬರು ತಮ್ಮ ಖಾಲಿ ಸೈಟಿನಲ್ಲಿ ಭಾನುವಾರ ಮಾರ್ಕೆಟ್ ಮಾಡಿಸ್ತಾರೆ. ತಲೆಗೆ ನೂರು ರೂಪಾಯಿ ತಗೋತಾರೆ. ಖಾಸಗಿ ಜಾಗ ಅಲ್ವಾ, ಯಾರೂ ಕೇಳೋ ಹಾಗಿಲ್ಲ ಅಂತಾರೆ.

ಉತ್ತರ: ಕೇಳುವವರು ಇದ್ದಾರೆ ಮೇಡಂ. ಜಾಗ ಖಾಸಗಿಯದಾದರೂ ಹತ್ತು ಜನರನ್ನು ಕೂರಿಸಿ ಶುಲ್ಕ ಎತ್ತಿದರೆ ಅದು ಖಾಸಗಿ ಮಾರುಕಟ್ಟೆ, ಅದಕ್ಕೆ ಪುರಸಭೆಯ ಪರವಾನಗಿ ಬೇಕು. ಬೀದಿ ವ್ಯಾಪಾರಿ ಅನ್ನೋ ವ್ಯಾಖ್ಯೆಯಲ್ಲಿ ಖಾಸಗಿ ಜಾಗದಲ್ಲಿ ತಾತ್ಕಾಲಿಕವಾಗಿ ಮಾರುವವರೂ ಸೇರುತ್ತಾರೆ, ನಿಜ. ಹಾಗಂತ ಸೈಟಿನ ಮಾಲೀಕ 'ಮುಂದಿನ ವಾರ ಬರಬೇಡ' ಅಂದರೆ ಆ ಕಾಯ್ದೆ ಹಿಡಿದು ಅಲ್ಲೇ ಕೂರೋಕಾಗಲ್ಲ. ಪರವಾನಗಿ ಇಲ್ಲ ಅಂತ ಮುಚ್ಚಿಸಿದರೂ ಮೊದಲು ಗಂಟು ಕಟ್ಟಬೇಕಾದವರು ನೀವೇ. ಪರವಾನಗಿ ಪ್ರತಿ ತೋರಿಸಿ ಅಂತ ಕೇಳಿ. ತೋರಿಸದಿದ್ದರೆ ನೂರು ರೂಪಾಯಿ ಕೊಡೋ ಮೊದಲು ಇನ್ನೊಮ್ಮೆ ಯೋಚಿಸಿ.

ಹಾವೇರಿ ಕಡೆಯ ರೈತರು: ಸರ್, ನಮ್ಮದೂ ಒಂದ್ ಕೇಳೂದೈತ್ರಿ. ಎಪಿಎಂಸಿಗೆ ಬದನಿಕಾಯಿ ಒಯ್ದ್ರ ದಲಾಲರು ನೂರಕ್ಕ ಹತ್ತು ಮುರಕೊಂಡು ಬಿಳಿ ಚೀಟಿ ಕೊಡತಾರ. ಹಮಾಲಿ ಬ್ಯಾರೆ. ಕೇಳಿದ್ರ 'ಮೊದಲಿಂದಾನೂ ಹಿಂಗ ಐತಿ' ಅಂತಾರ.

ಉತ್ತರ: ಮೊದಲಿಂದ ಇದೆ ಅಂದ ಮಾತ್ರಕ್ಕೆ ಕಾನೂನು ಆಗಲ್ಲ ಯಜಮಾನರೇ. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆ 1966ರದು. ಅದರ ಪ್ರಕಾರ ದಲ್ಲಾಳಿ ಕಮಿಷನ್ ಕೊಡಬೇಕಾದವನು ಕೊಳ್ಳುವವನು, ರೈತ ಅಲ್ಲ. ಮಾರುಕಟ್ಟೆ ಶುಲ್ಕವೂ ಕೊಳ್ಳುವವನದೇ. ಬಿಳಿ ಚೀಟಿಗೆ ಕಿಮ್ಮತ್ತಿಲ್ಲ, ಅಧಿಕೃತ ಲೆಕ್ಕ ತಿರುವಳಿ ಪಟ್ಟಿ ಕೊಡಿ ಅಂತ ಹಟ ಹಿಡಿಯಿರಿ. ಕೊಡದಿದ್ದರೆ ಆ ಬಿಳಿ ಚೀಟಿಯನ್ನೇ ಲಗತ್ತಿಸಿ ಸಮಿತಿ ಕಾರ್ಯದರ್ಶಿಗೆ ದೂರು ಕೊಡಿ. ಬಿತ್ತನೆಗೆ ಅದೇ ದಲ್ಲಾಳಿ ಹತ್ತಿರ ಮುಂಗಡ ತಗೊಂಡಿದ್ದರೆ ದೂರು ಕೊಡೋದು ಕಷ್ಟ, ನನಗೂ ಗೊತ್ತು. ಆ ಹತ್ತು ರೂಪಾಯಿ ಇಷ್ಟು ವರ್ಷ ಉಳಿದಿರೋದೇ ಆ ಮುಂಗಡದ ಬಲದ ಮೇಲೆ. ನಾಲ್ಕೈದು ಜನ ಸೇರಿ ಒಟ್ಟಿಗೆ ಬರೆದರೆ ಒಬ್ಬರ ಮೇಲೆ ಕಣ್ಣು ಬೀಳಲ್ಲ.

ಇನ್ನೊಬ್ಬರು: ಹಳ್ಳಿ ಸಂತೆಲಿ ಬೋರ್ಡಲ್ಲಿ 20 ಅಂತಿದೆ, ಜಕಾತಿಯವ್ನು 50 ವಸೂಲಿ ಮಾಡ್ತಾನೆ.

ಉತ್ತರ: 2014ರ ಕಾಯ್ದೆ ಪಟ್ಟಣಗಳಿಗೆ, ಹಳ್ಳಿ ಸಂತೆ ಗ್ರಾಮ ಪಂಚಾಯಿತಿ ಕೈಯಲ್ಲಿ. ಹರಾಜಿನಲ್ಲಿ ಹಿಡಿದವನಿಗೆ ಸಿಗೋದು ವಸೂಲಿ ಹಕ್ಕು ಮಾತ್ರ, ದರ ಗೊತ್ತು ಮಾಡುವ ಹಕ್ಕಲ್ಲ. ಬೋರ್ಡಿನ ಫೋಟೋ ತೆಗೆಯಿರಿ, 50ಕ್ಕೆ ರಸೀದಿ ಕೇಳಿ, ಪಿಡಿಒಗೆ ಬರೆದುಕೊಡಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿ ಇಒ.

ಮೊದಲ ಪ್ರಶ್ನೆ ಕೇಳಿದವರು: ಸರ್, ಅರ್ಜಿಗೆ ಸೀಲು ಹಾಕಿಸಿದ್ವಿ. ಇವತ್ತು ಗಾಡಿ ಬಿಟ್ಟರು, 300 ರೂಪಾಯಿಗೆ ರಸೀದಿನೂ ಕೊಟ್ಟರು. ಹೂವು ಪೂರ್ತಿ ಕೊಳೆತಿತ್ತು. ಅಮ್ಮ ನಾಳೆಯಿಂದ ಕೂರ್ತೀನಿ ಅಂತಿದ್ದಾರೆ. ಮೊಳ ಹಾಕೋದಕ್ಕೂ ಏನಾದ್ರೂ ಕಾನೂನು ಇದೆಯಾ ಅಂತ ನಗ್ತಾ ಕೇಳಿದ್ರು.

ಉತ್ತರ: ಇದೆ! 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯಲ್ಲಿ ಮೊಳ ಅನ್ನೋ ಅಳತೆಯೇ ಇಲ್ಲ, ಮೀಟರೇ ಆಗಬೇಕು. ಮಲ್ಲಿಗೆಗೆ ಮೀಟರ್ ಪಟ್ಟಿ ಹಿಡಿದು ಕೂತವರನ್ನು ನಾನಂತೂ ನೋಡಿಲ್ಲ, ಅಮ್ಮನಿಗೆ ಹೆದರಬೇಡಿ ಅನ್ನಿ. ಆ 300 ಯಾವ ಬಾಬ್ತು ಅಂತ ರಸೀದಿಯಲ್ಲಿ ಬರೆದಿದೆಯಾ ನೋಡಿ, ಫೋಟೋ ಹಾಕಿ. ಶುಕ್ರವಾರ ಬೆಳಿಗ್ಗೆ ಹೂವು ತಂದ ಮಂಡಿ ಚೀಟಿ ಸಿಕ್ಕರೆ ಅದನ್ನೂ ಎತ್ತಿಡಿ, ಕೊಳೆತ ಹೂವಿನ ದೂರಿಗೆ ಬೇಕಾಗುತ್ತೆ.