ಲೇತ್ ಮೇಲೆ ಮರ ಕಡೆಯುವಾಗಿನ ಧೂಳು: ಗಡ್ಡ ಇರೋರಿಗೆ ಯಾವ ಮಾಸ್ಕ್? ಸಣ್ಣ ಶೆಡ್‌ಗೆ ಡಸ್ಟ್ ಕಲೆಕ್ಟರ್ ಬೇಕಾ?

ಹಾಲೆಮರ_ರಾಮನಗರ

ಎಲ್ಲರಿಗೂ ನಮಸ್ಕಾರ. ಶೆಡ್ 12×10 ಅಡಿ, ತಗಡಿನ ಸೂರು, ಎತ್ತರ 10 ಅಡಿ. ಒಂದು ಬಾಗಿಲು, ಲೇತ್ ಹಿಂದಿನ ಗೋಡೆಯಲ್ಲಿ ಒಂದು ಕಿಟಕಿ. 1 ಎಚ್‌ಪಿ ಸಿಂಗಲ್ ಫೇಸ್ ಲೇತ್. ಮುಕ್ಕಾಲು ಪಾಲು ಕೆಲಸ ಚನ್ನಪಟ್ಟಣದ ರೀತಿ ಹಾಲೆ ಮರದ ಆಟಿಕೆ, ಅರಗಿನ ಬಣ್ಣ. ಉಳಿದದ್ದು ಬೀಟೆ, ಬೇವು, ಮಾವಿನ ಬಟ್ಟಲು. ಬೀಟೆ ಎಲ್ಲಾ ಹಳೇ ಮಂಚ, ಬಾಗಿಲು ಬಿಚ್ಚಿದ್ದು.

ಈಗ ಇರೋದು ಸರ್ಜಿಕಲ್ ಮಾಸ್ಕ್ ಮತ್ತು ಮುಖಕ್ಕೆ ಪ್ಲಾಸ್ಟಿಕ್ ಶೀಲ್ಡ್. ಬೀಟೆ ಉಜ್ಜಿದ ದಿನ ಮೂಗು ಸೀನಿದರೆ ಕಂದು ಬಣ್ಣ ಬರುತ್ತೆ. ಹಾಲೆ ಮರದಲ್ಲಿ ಏನೂ ಕಾಣಲ್ಲ. ಗಡ್ಡ ಇದೆ, ತೆಗೆಯೋ ಹಾಗಿಲ್ಲ. ಮೊದಲು ಯಾವುದಕ್ಕೆ ದುಡ್ಡು ಹಾಕಲಿ, ಮಾಸ್ಕ್‌ಗಾ, ಡಸ್ಟ್ ಕಲೆಕ್ಟರ್‌ಗಾ (ಪೈಪಿನಿಂದ ಧೂಳು ಎಳೆದು ಚೀಲಕ್ಕೆ ತುಂಬೋ ಯಂತ್ರ)? ಶಾಪ್ ವ್ಯಾಕ್ಯೂಮ್ ಒಂದು ಇದೆ, ಅದರಲ್ಲೇ ಆಗುತ್ತಾ?

ಉಳಿಯ_ಮೊನೆ

ಮೊದಲು ಮಾಸ್ಕ್. ಕಲೆಕ್ಟರ್ ಕೂರಿಸೋಕೆ ವಾರಗಟ್ಟಲೆ ಬೇಕು, ಅಲ್ಲಿವರೆಗೂ ಉಸಿರಾಡಬೇಕಲ್ಲ.

ಸರ್ಜಿಕಲ್ ಮಾಸ್ಕ್ ಈ ಕೆಲಸಕ್ಕೆ ಲೆಕ್ಕಕ್ಕಿಲ್ಲ. ಕೆನ್ನೆ ಪಕ್ಕದ ಸಂದಿಯಿಂದ ಗಾಳಿ ಸರಾಗವಾಗಿ ಒಳಗೆ ಹೋಗುತ್ತೆ. ಶೀಲ್ಡ್ ಇರೋದು ಮರ ಸೀಳಿ ಹಾರಿದಾಗ ಮುಖ ಉಳಿಸೋಕೆ, ಧೂಳಿಗಲ್ಲ. ಮೂಗಿನಲ್ಲಿ ಬಣ್ಣ ಕಾಣೋದು ಮೂಗೇ ಹಿಡಿದಿಟ್ಟ ದಪ್ಪ ಧೂಳು. 10 ಮೈಕ್ರಾನ್‌ಗಿಂತ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸಣ್ಣದು ಗಂಟಲು ದಾಟುತ್ತೆ, 4-5 ಮೈಕ್ರಾನ್‌ಗಿಂತ ಸಣ್ಣದು ಶ್ವಾಸಕೋಶದ ತುದಿವರೆಗೆ ಹೋಗುತ್ತೆ. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ, ಅದರ ಮುಂದೆ ಇದು ಕಣ್ಣಿಗೆ ಬೀಳೋ ಮಾತೇ ಇಲ್ಲ. ಹಾಲೆ ಮರ ಬೆಳ್ಳಗಿರೋದರಿಂದ ನಿಮಗೆ ಏನೂ ಕಾಣ್ತಿಲ್ಲ ಅಷ್ಟೇ, ಧೂಳು ಅಷ್ಟೇ ಇದೆ.

ಗಡ್ಡ ಇಲ್ಲದವರಿಗೆ ಎನ್95 ಅಥವಾ ಐಎಸ್ 9473 ಗುರುತಿರುವ ಎಫ್‌ಎಫ್‌ಪಿ2 ಸಾಕು. ಕಿವಿಗೆ ಸಿಕ್ಕಿಸೋದು ಬೇಡ, ತಲೆಗೆ ಎರಡು ಪಟ್ಟಿ ಬರೋದೇ ತಗೊಳ್ಳಿ. ಮೇಲಿನ ಪಟ್ಟಿ ನೆತ್ತಿಗೆ, ಕೆಳಗಿನದು ಕತ್ತಿನ ಹಿಂದೆ. ದಿನಾ ಕೆಲಸ ಮಾಡೋರಿಗೆ ಮೂಗು ಬಾಯಿ ಮುಚ್ಚೋ ರಬ್ಬರ್ ಹಾಫ್ ಮಾಸ್ಕ್ (3ಎಂ 6200 ಮಧ್ಯಮ ಅಳತೆ, 6100 ಸಣ್ಣದು, 6300 ದೊಡ್ಡದು) ಜೊತೆಗೆ 2091 ಪಿ100 ಫಿಲ್ಟರ್ ಹೆಚ್ಚು ಬಾಳಿಕೆ. ಪಿ100 ಶೇ. 99.97 ಹಿಡಿಯುತ್ತೆ. ಹಾಗಂತ ಮುಖದೊಳಗೆ ಬರೋ ಗಾಳಿಯೂ ಅಷ್ಟೇ ಶುದ್ಧ ಅನ್ಕೋಬೇಡಿ. ಹಾಫ್ ಮಾಸ್ಕ್ ಯಾವುದೇ ಇರಲಿ, ಲೆಕ್ಕ ಹಾಕೋದು ಹತ್ತು ಪಟ್ಟು ರಕ್ಷಣೆ (ಒಳಗಿನ ಧೂಳು ಹೊರಗಿನದರ ಹತ್ತನೇ ಒಂದು ಭಾಗ) ಅಂತಲೇ, ಯಾಕಂದ್ರೆ ಸೋರೋದು ಅಂಚಿನಲ್ಲಿ.

ನಿಮಗೆ ಇವೆರಡೂ ಆಗಲ್ಲ. ಎರಡು ದಿನದ ಕುರುಚಲು ಗಡ್ಡ ಇದ್ದರೂ ಅಂಚು ಕೂರಲ್ಲ, ಪೂರ್ತಿ ಗಡ್ಡ ಕೇಳಲೇಬೇಡಿ. ಗಡ್ಡದವರಿಗೆ ಇರೋ ದಾರಿ ಬ್ಯಾಟರಿ ಫ್ಯಾನ್ ಇರುವ ಹೆಲ್ಮೆಟ್, ಅಂದ್ರೆ ಪಿಎಪಿಆರ್. ಸೊಂಟದ ಅಥವಾ ತಲೆಯ ಫ್ಯಾನ್ ಶೋಧಿಸಿದ ಗಾಳಿಯನ್ನು ಶೀಲ್ಡ್ ಒಳಗೆ ತುಂಬುತ್ತೆ, ಒಳಗಿನ ಒತ್ತಡ ಜಾಸ್ತಿ ಇರೋದರಿಂದ ಸೋರಿದರೂ ಹೊರಗೇ ಸೋರುತ್ತೆ. ಮುಖಕ್ಕೆ ಬಿಗಿಯಾಗಿ ಅಂಟದ ಇಂಥ ಸಡಿಲ ಹುಡ್‌ನ ರಕ್ಷಣೆ 25 ಪಟ್ಟು ಅಂತ ಹಿಡಿಯೋದು, ಅದೂ ಗಾಳಿ ನಿಮಿಷಕ್ಕೆ ಕನಿಷ್ಠ 170 ಲೀಟರ್ ಬರುತ್ತಿದ್ದರೆ. ಜೊತೆಗೆ ಗಾಳಿ ಅಳೆಯೋ ಚಿಕ್ಕ ಸಾಧನ ಬರುತ್ತೆ, ಡಬ್ಬದಲ್ಲೇ ಬಿಡದೆ ದಿನಾ ಹಾಕೋ ಮುಂಚೆ ನೋಡಿ. ಶೀಲ್ಡ್‌ಗೆ ಏಟು ತಡೆಯುವ ಗುರುತು ಇದೆಯಾ ಅಂತಲೂ ಕೇಳಿ, ಎಲ್ಲದಕ್ಕೂ ಇರಲ್ಲ. ಸೊಂಟದ ಫ್ಯಾನ್‌ನ ಕೊಳವೆ ಬೆನ್ನ ಮೇಲೇ ಇರಲಿ, ತಿರುಗೋ ಮರದ ಕಡೆ ಜೋತಾಡಬಾರದು. ಕಂಪ್ಯೂಟರ್ ಫ್ಯಾನ್ ಕಟ್ಟಿ ಮನೇಲೇ ಮಾಡೋ ಹೆಲ್ಮೆಟ್‌ಗಳಲ್ಲಿ ಒತ್ತಡವೇ ಸಾಲಲ್ಲ, ನೀವು ಏದುಸಿರು ಬಿಟ್ಟಾಗ ಕೆಳಗಿಂದ ಧೂಳು ಎಳ್ಕೊಳ್ಳುತ್ತೆ.

ಪೈಪು_ಫ್ಯಾನು

ಮಾಸ್ಕ್ ವಿಷಯ ಒಪ್ಪಿದೆ, ಆದರೆ ಅದನ್ನೇ ನಂಬಿ ಕೂರೋದನ್ನು ಒಪ್ಪಲ್ಲ. ಮಾಸ್ಕ್ ತೆಗೆದ ಮೇಲೂ ಧೂಳು ಶೆಡ್‌ನಲ್ಲೇ ಇರುತ್ತಲ್ಲ? ಲೆಕ್ಕ ನೋಡಿ. ನಿಮ್ಮ ಶೆಡ್ 1200 ಘನ ಅಡಿ, ಅಂದ್ರೆ ಸುಮಾರು 34 ಘನ ಮೀಟರ್. ಬ್ರಿಟನ್‌ನಲ್ಲಿ 2020ರಿಂದ ಗಟ್ಟಿ ಮರದ ಧೂಳಿಗೆ ಮಿತಿ ಘನ ಮೀಟರಿಗೆ 3 ಮಿಲಿಗ್ರಾಂ, ಎಂಟು ಗಂಟೆಯ ಸರಾಸರಿ. 34×3 ಅಂದ್ರೆ 102 ಮಿಲಿಗ್ರಾಂ. ಒಂದು ಗ್ರಾಮಿನ ಹತ್ತನೇ ಒಂದು ಭಾಗ ಧೂಳು ಗಾಳಿಯಲ್ಲಿ ತೇಲಿದರೆ ನಿಮ್ಮ ಇಡೀ ಶೆಡ್ ಆ ಮಟ್ಟ ಮುಟ್ಟಿತು. ಒಂದು ಬಟ್ಟಲು ಉಜ್ಜಿದರೆ ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುತ್ತೆ.

ಶಾಪ್ ವ್ಯಾಕ್ಯೂಮ್ ಸಾಲಲ್ಲ. ಅದರ ಎಳೆತ ಜೋರು, ಗಾಳಿಯ ಪ್ರಮಾಣ ಕಡಿಮೆ, 100-150 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ). ಕೈ ಸ್ಯಾಂಡರ್‌ನ ತೂತಿಗೆ ನೇರ ಸಿಕ್ಕಿಸಿದರೆ ಚೆನ್ನಾಗಿ ಕೆಲಸ ಮಾಡುತ್ತೆ, ಲೇತ್‌ನ ತೆರೆದ ಜಾಗಕ್ಕಲ್ಲ. ಲೇತ್‌ಗೆ 4 ಇಂಚಿನ ಪೈಪಿನಲ್ಲಿ ಕನಿಷ್ಠ 350 ಸಿಎಫ್‌ಎಂ ಬೇಕು. ಆಗ ಪೈಪಿನೊಳಗೆ ಗಾಳಿ ನಿಮಿಷಕ್ಕೆ 4000 ಅಡಿ ಓಡುತ್ತೆ, ಹೊಟ್ಟು ಮಧ್ಯದಲ್ಲಿ ಕೂತು ಕಟ್ಟಿಕೊಳ್ಳಲ್ಲ.

ಎಲ್ಲರೂ ಎಡವೋದು ಪೈಪಿನ ಬಾಯಿ ಇಡೋ ಜಾಗದಲ್ಲಿ. ಬಾಯಿಯಲ್ಲಿ 4000 ಅಡಿ ಇರೋ ವೇಗ ನಾಲ್ಕು ಇಂಚು ಆಚೆಗೆ ಸುಮಾರು 300ಕ್ಕೆ ಇಳಿಯುತ್ತೆ, ಒಂದು ಅಡಿ ಆಚೆಗೆ ಬರೀ 35. ಊದೋ ಗಾಳಿ ದೂರ ಹೋಗುತ್ತೆ, ಎಳೆಯೋ ಗಾಳಿ ಹೋಗಲ್ಲ. ಅಡಿ ದೂರದಲ್ಲಿ ಪೈಪ್ ನಿಲ್ಲಿಸಿ "ಕಲೆಕ್ಟರ್ ವೇಸ್ಟು" ಅನ್ನೋರು ತುಂಬಾ ಜನ. ಬಾಯಿಗೆ ಅಗಲವಾದ ದೊಡ್ಡ ಆಲಿಕೆ ಸಿಕ್ಕಿಸಿದರೂ ಎಳೆತ ದೂರ ಚಾಚಲ್ಲ. ಅದರ ಬದಲು ಪ್ಲೈವುಡ್‌ನಲ್ಲಿ ಮೂರು ಕಡೆ ಮುಚ್ಚಿದ ಪೆಟ್ಟಿಗೆ ಮಾಡಿ, ಮರದ ಹಿಂಭಾಗ ಮತ್ತು ಕೆಳಭಾಗ ಅದರೊಳಗೇ ಬರುವ ಹಾಗೆ ಲೇತ್‌ನ ಬೆಡ್ (ಅಡಿಯ ಉದ್ದ ಹಳಿ) ಮೇಲೆ ಕೂರಿಸಿ, ಪೈಪನ್ನು ಹಿಂದಿನ ಕೆಳಮೂಲೆಗೆ ಕೊಡಿ.

ಪೈಪಿಗೆ 110 ಎಂಎಂ ಪಿವಿಸಿ ಸಾಕು. 90 ಡಿಗ್ರಿ ಎಲ್ಬೋ ಬದಲು ಎರಡು 45 ಹಾಕಿ. ಸುರುಳಿ ಹೋಸ್ ಆದಷ್ಟು ಗಿಡ್ಡ, ನಯವಾದ ಪೈಪಿಗಿಂತ ಅದರಲ್ಲಿ ಘರ್ಷಣೆ ಎರಡು ಮೂರು ಪಟ್ಟು.

ಇನ್ನು ಚೀಲ. ಅಗ್ಗದ ಕಲೆಕ್ಟರ್ ಜೊತೆ ಬರೋ ಬಟ್ಟೆ ಚೀಲ 30 ಮೈಕ್ರಾನ್‌ದು. ದಪ್ಪ ಹೊಟ್ಟು ಉಳಿಸಿಕೊಂಡು, ನಿಮ್ಮ ಶ್ವಾಸಕೋಶಕ್ಕೆ ಹೋಗೋ ಧೂಳನ್ನೇ ಜರಡಿ ಹಿಡಿದು ಶೆಡ್ ತುಂಬಾ ಹರಡುತ್ತೆ. ಇದಕ್ಕಿಂತ ಕಲೆಕ್ಟರ್ ಇಲ್ಲದಿದ್ದರೇ ವಾಸಿ. ಒಂದೋ 1 ಮೈಕ್ರಾನ್‌ನ ಮಡಿಕೆ ಫಿಲ್ಟರ್ ಹಾಕಿ, ಇಲ್ಲ ಯಂತ್ರವನ್ನೇ ಹೊರಗೆ ಸಣ್ಣ ಚಪ್ಪರದಡಿ ಇಟ್ಟು ಗೋಡೆಯಿಂದ ಪೈಪ್ ಮಾತ್ರ ಒಳಗೆ ತನ್ನಿ. ನಿಮ್ಮ ಬಜೆಟ್‌ಗೆ ಎರಡನೆಯದೇ ಸರಿ. ಪಕ್ಕದ ಮನೆ ಕಿಟಕಿ ಎಲ್ಲಿದೆ ನೋಡಿಕೊಳ್ಳಿ.

ಇವತ್ತೇ ಮಾಡಬಹುದಾದ್ದು: ಲೇತ್ ಹಿಂದಿನ ಕಿಟಕಿಗೆ 12 ಇಂಚಿನ ಎಕ್ಸಾಸ್ಟ್ ಫ್ಯಾನ್. ನಿಜವಾಗಿ 600 ಸಿಎಫ್‌ಎಂ ಸಿಕ್ಕರೂ ನಿಮ್ಮ ಶೆಡ್‌ನ ಗಾಳಿ ಎರಡು ನಿಮಿಷಕ್ಕೊಮ್ಮೆ ಬದಲಾಗುತ್ತೆ. ಬಾಗಿಲು ನಿಮ್ಮ ಬೆನ್ನ ಹಿಂದೆ ತೆರೆದಿರಬೇಕು, ಗಾಳಿ ಬೆನ್ನಿಂದ ಬಂದು ಲೇತ್ ದಾಟಿ ಹೊರಗೆ ಹೋಗಬೇಕು. ಬಾಗಿಲು ಮುಚ್ಚಿದರೆ ಫ್ಯಾನ್ ಸುಮ್ಮನೆ ತಿರುಗುತ್ತೆ. ಮೇಲಿನ ಸೀಲಿಂಗ್ ಫ್ಯಾನ್ ಅಂತೂ ಬೇಡವೇ ಬೇಡ, ಕೂತ ಧೂಳನ್ನೆಲ್ಲಾ ಎಬ್ಬಿಸುತ್ತೆ.

ಬೀಟೆ_ಬೇವು

ಮೇಲಿನ ಇಬ್ಬರೂ ಧೂಳು ಎದ್ದ ಮೇಲಿನ ಮಾತು ಹೇಳಿದ್ದಾರೆ. ಏಳದ ಹಾಗೆ ಮಾಡೋದು ಉಳಿಯ ಕೈಲಿದೆ.

ಚೂಪಾದ ಗೌಜ್ (ಬಾಯಿ ಬಾಗಿದ ಉಳಿ) ಉದ್ದ ಸುರುಳಿ ಬಿಡಿಸುತ್ತೆ, ಅದು ನೆಲಕ್ಕೆ ಬೀಳುತ್ತೆ. ಮೊಂಡ ಸ್ಕ್ರೇಪರ್ (ಹೆರೆಯೋ ಉಳಿ) ಪುಡಿ ಮಾಡುತ್ತೆ. ನಿಜವಾದ ಅಪಾಯ ಸ್ಯಾಂಡ್‌ಪೇಪರ್ ಹಿಡಿದ ಹತ್ತು ನಿಮಿಷ. ಕೊನೆಯ ಪದರವನ್ನು ಆಗಷ್ಟೇ ಸಾಣೆ ಹಿಡಿದ ಉಳಿಯಲ್ಲಿ ತೆಳುವಾಗಿ ತೆಗೆದರೆ 80, 120 ನಂಬರ್‌ನ ಒರಟು ಪೇಪರ್ ಬಿಟ್ಟು ನೇರ ನುಣುಪಾದ 180 ಅಥವಾ 240ರಿಂದ ಶುರು ಮಾಡಬಹುದು. ಹಾಲೆ ಮರದ ಎಳೆ ನುಣುಪು, ಅದಕ್ಕೆ ಇದು ಇನ್ನೂ ಸುಲಭ. ಅರಗು ಹಚ್ಚಿದ ಮೇಲೆ ಉಜ್ಜೋದೇ ಇಲ್ಲ, ತಾಳೆಗರಿಯಲ್ಲೇ ಹೊಳಪು ಬರುತ್ತೆ. ಬಣ್ಣ ಕೆಟ್ಟಿತು ಅಂತ ಅರಗಿನ ಪದರವನ್ನು ಸ್ಯಾಂಡ್‌ಪೇಪರಲ್ಲಿ ತೆಗೆಯಬೇಡಿ, ಉಳಿಯಲ್ಲಿ ಕಡೆದು ತೆಗೆಯಿರಿ. ಬಣ್ಣದ ಪುಡಿಯನ್ನು ಅರಗಿಗೆ ಕಲಸುವಾಗಲೂ ಮಾಸ್ಕ್ ಬೇಕು, ಇದನ್ನು ಎಲ್ಲರೂ ಮರೀತಾರೆ.

ಉಜ್ಜುವಾಗ ವೇಗ ಇಳಿಸಿ. 8 ಇಂಚಿನ ಬಟ್ಟಲು 1200 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ನಿಮಿಷಕ್ಕೆ 2500 ಅಡಿ. ಪೈಪು_ಫ್ಯಾನು ಅವರು ಹೇಳಿದ 300 ಅಡಿಯ ಎಳೆತ ಇದನ್ನು ಹಿಡಿಯಲ್ಲ. 400 ಆರ್‌ಪಿಎಂಗೆ ಇಳಿಸಿದರೆ 840 ಅಡಿ, ಪೆಟ್ಟಿಗೆಯೊಳಗೆ ಸಿಕ್ಕುತ್ತೆ. ಪೇಪರ್ ಕೂಡ ಬಿಸಿಯಾಗಿ ಕಟ್ಟಿಕೊಳ್ಳಲ್ಲ. ಪೇಪರನ್ನು ಬಟ್ಟಲಿನ ಹೊರಮೈಯ ಕೆಳಬದಿಗೆ ಹಿಡಿಯಿರಿ. ಅಲ್ಲಿ ಮರ ನಿಮ್ಮಿಂದ ಆಚೆ ಓಡುತ್ತಿರುತ್ತೆ, ಧೂಳು ಹಿಂದಕ್ಕೆ, ಪೆಟ್ಟಿಗೆಯ ಕಡೆಗೇ ಹೋಗುತ್ತೆ. ಮೇಲೆ ಹಿಡಿದರೆ ನೇರ ಎದೆಗೆ, ಮುಖಕ್ಕೆ. ರಿವರ್ಸ್ ಓಡಿಸುವುದಾದರೆ ಮರ ಹಿಡಿಯೋ ಚಕ್ ಬಿಚ್ಚದ ಹಾಗೆ ತಡೆಯೋ ಗ್ರಬ್ ಸ್ಕ್ರೂ (ಪುಟ್ಟ ತಿರುಪು) ಬಿಗಿಯಾಗಿದೆಯಾ ನೋಡಿ, ಇಲ್ಲದಿದ್ದರೆ ಬಿಚ್ಚಿಕೊಂಡು ಬರುತ್ತೆ.

ಬಟ್ಟಲುಗಳಿಗೆ ಎಣ್ಣೆ ಹಚ್ಚಿ ಒದ್ದೆಯಾಗೇ ಉಜ್ಜಬಹುದು, ಧೂಳು ಕೆಸರಾಗಿ ಅಲ್ಲೇ ಉಳಿಯುತ್ತೆ. ಆಟಿಕೆಗೆ ಇದು ನಡೆಯಲ್ಲ, ಎಣ್ಣೆ ಕುಡಿದ ಮರಕ್ಕೆ ಅರಗು ಹಿಡಿಯಲ್ಲ.

ಮರದ ಗುಣ ಬೇರೆ ಬೇರೆ. ಬೀಟೆಯ ಧೂಳು ಚರ್ಮಕ್ಕೆ ಅಲರ್ಜಿ ತರಿಸುವುದಕ್ಕೆ ಹೆಸರುವಾಸಿ, ಒಮ್ಮೆ ಅಂಟಿದರೆ ಮುಂದೆ ಚೂರೇ ಚೂರು ತಗುಲಿದರೂ ಏಳುತ್ತೆ. ನಿಮ್ಮದು ಹಳೇ ಮಂಚ, ಬಾಗಿಲಿನ ಮರ, ಅದರ ಮೇಲಿನ ಹಳೇ ಪೇಂಟ್‌ನಲ್ಲಿ ಸೀಸ ಇರಬಹುದು. ಅದನ್ನು ಲೇತ್‌ಗೆ ಏರಿಸುವ ಮೊದಲೇ ಒದ್ದೆ ಮಾಡಿ ಹೆರೆದು ತೆಗೆಯಿರಿ. ಬೂಷ್ಟು ಹಿಡಿದು ಗೆರೆ ಬಿದ್ದ ಮಾವು ನೋಡೋಕೆ ಚೆಂದ, ಉಸಿರಿಗೆ ಕೆಟ್ಟದ್ದು. "ನಮ್ಮ ಮರ ಮೆದು, ಏನಾಗಲ್ಲ" ಅನ್ನೋದೂ ಬೇಡ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ, ಮುಖ್ಯವಾಗಿ ಮೂಗು ಮತ್ತು ಸೈನಸ್.

ಹಾಲೆಮರ_ರಾಮನಗರ

ತುಂಬಾ ಉಪಕಾರ. ಎಕ್ಸಾಸ್ಟ್ ಫ್ಯಾನ್, ಪ್ಲೈವುಡ್ ಪೆಟ್ಟಿಗೆ ಈ ವಾರ, ಹೆಲ್ಮೆಟ್ ಮುಂದಿನ ತಿಂಗಳು, ಕಲೆಕ್ಟರ್ ಆಮೇಲೆ. ಇನ್ನೆರಡು ಪ್ರಶ್ನೆ. ಲೇತ್ ನಿಲ್ಲಿಸಿದ ತಕ್ಷಣ ಹೆಲ್ಮೆಟ್ ತೆಗೀಬಹುದಾ? ಸೂಪರ್ ಗ್ಲೂ ಹಾಕಿದಾಗ ಕಣ್ಣು ಉರಿಯುತ್ತಲ್ಲ, ಅದಕ್ಕೂ ಇದೇ ಫಿಲ್ಟರ್ ಸಾಕಾ?

ಉಳಿಯ_ಮೊನೆ

ತೆಗೀಬೇಡಿ. ಗಾಳಿಯಲ್ಲಿ ಧೂಳು ಅತಿ ಹೆಚ್ಚು ಇರೋದೇ ಉಜ್ಜಿ ಮುಗಿಸಿದ ಹೊತ್ತಲ್ಲಿ. ಸಣ್ಣ ಧೂಳು ಅರ್ಧ ಗಂಟೆ, ಇನ್ನೂ ಹೆಚ್ಚೂ ತೇಲುತ್ತೆ. ಎಕ್ಸಾಸ್ಟ್ ಓಡಿಸಿಬಿಟ್ಟು ಹೊರಗೆ ಹೋಗಿ, ಹೊರಗೆ ಹೋದ ಮೇಲೆ ಹೆಲ್ಮೆಟ್ ತೆಗೆಯಿರಿ. ಗುಡಿಸುವಾಗ ಮತ್ತೆ ಹಾಕಿ. ಒಣ ಪೊರಕೆ, ಕಂಪ್ರೆಸರ್ ಗಾಳಿ ಎರಡೂ ಬೇಡ, ಒದ್ದೆ ಬಟ್ಟೆ ಇಲ್ಲವೇ ಹೆಪಾ ಫಿಲ್ಟರ್ (ಅತಿ ಸಣ್ಣ ಧೂಳನ್ನೂ ಹಿಡಿಯೋದು) ಹಾಕಿದ ವ್ಯಾಕ್ಯೂಮ್. ಅಂಗಿ ಕೊಡವೋದು ಹೊರಗೆ, ಅದೇ ಅಂಗಿಯಲ್ಲಿ ಮಗು ಎತ್ತಿಕೊಳ್ಳಬೇಡಿ.

ಸೂಪರ್ ಗ್ಲೂ ಆವಿಗೆ ಧೂಳಿನ ಫಿಲ್ಟರ್ ತಡೆಯೇ ಅಲ್ಲ. ಅದಕ್ಕೆ ಆವಿ ಹೀರೋ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ ಬೇಕು, ಅದು ಎಲ್ಲಾ ಹೆಲ್ಮೆಟ್‌ಗೂ ಸಿಗಲ್ಲ. ಒಂದೆರಡು ಹನಿ ಆದರೆ ಎಕ್ಸಾಸ್ಟ್ ಫ್ಯಾನ್ ಮುಂದೆ ಇಟ್ಟು ಹಾಕಿ, ಗಾಳಿ ನಿಮ್ಮ ಬೆನ್ನಿಂದ ಬಂದು ಆವಿಯನ್ನು ಮುಖದಿಂದ ಆಚೆ ಒಯ್ಯೋ ಹಾಗೆ ನಿಲ್ಲಿ. ಹೆಲ್ಮೆಟ್‌ನ ಮುಖ್ಯ ಫಿಲ್ಟರನ್ನು ತಟ್ಟಿ, ಊದಿ ಚೊಕ್ಕ ಮಾಡಬೇಡಿ, ಕಾಗದ ಹರಿದರೆ ಗೊತ್ತೂ ಆಗಲ್ಲ. ಗಾಳಿಯ ಅಳತೆ ಕೆಳಗಿಳಿದರೆ ಮೊದಲು ಹೊರಗಿನ ಪ್ರೀ ಫಿಲ್ಟರ್, ಆಮೇಲೆ ಬ್ಯಾಟರಿ, ಆಗಲೂ ಏರದಿದ್ದರೆ ಮುಖ್ಯ ಫಿಲ್ಟರ್ ಬದಲಿಸಿ.

ಪೈಪು_ಫ್ಯಾನು

ಒಂದು ಸೇರಿಸ್ತೀನಿ. ಸಾಣೆ ಕಲ್ಲನ್ನು ಕಲೆಕ್ಟರ್ ಪೆಟ್ಟಿಗೆಯ ಹತ್ತಿರ ಇಡಬೇಡಿ. ಉಳಿ ಸಾಣೆ ಹಿಡಿದಾಗ ಹಾರೋ ಕಿಡಿ ಪೈಪಿನೊಳಗೆ ಹೋಗಿ ಚೀಲದ ಹೊಟ್ಟಿನಲ್ಲಿ ಗಂಟೆಗಟ್ಟಲೆ ಹೊಗೆಯಾಡಿ, ನೀವು ಮನೆಗೆ ಹೋದ ಮೇಲೆ ಹೊತ್ತಿಕೊಳ್ಳುತ್ತೆ. ಸಂಜೆ ಚೀಲ ಖಾಲಿ ಮಾಡಿ, ಹೊಟ್ಟನ್ನು ಶೆಡ್‌ನಿಂದ ದೂರ ಹಾಕಿ.

ಮತ್ತೆ, ರಜೆ ದಿನ ಕೆಮ್ಮು ಕಡಿಮೆಯಾಗಿ ಕೆಲಸಕ್ಕೆ ಬಂದ ದಿನ ಮತ್ತೆ ಏರುತ್ತಿದ್ದರೆ ಅದು ಧೂಳಿನ ಆಸ್ತಮಾ ಇರಬಹುದು. ಡಾಕ್ಟರ ಹತ್ತಿರ ಮರದ ಕೆಲಸ ಅಂತ ಬಾಯಿಬಿಟ್ಟು ಹೇಳಿ, ಯಾವ ಯಾವ ಮರ ಅನ್ನೋದೂ ಹೇಳಿ, ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯೋ ಪರೀಕ್ಷೆ) ಮಾಡಿಸಿ.