ತೂಕ ಇಳಿಸುವ ಸರ್ಜರಿ ಆಗಿದೆ, ಊಟ ಬದಲಾಗಿಲ್ಲ, ಆದರೂ 3 ವಾರದಲ್ಲಿ 7 ಕೆ.ಜಿ. ಏರಿದೆ. ಯಾಕೆ?

ಪ್ರಶ್ನೆ (ಹೆಸರು ಬೇಡವೆಂದ ಸದಸ್ಯೆ):
ನಮಸ್ಕಾರ ಡಾಕ್ಟ್ರೇ. ನನಗೆ 41 ವರ್ಷ. ಎರಡೂವರೆ ವರ್ಷದ ಹಿಂದೆ ಮಿನಿ ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆ ಚಿಕ್ಕದು ಮಾಡಿ ಕರುಳಿಗೆ ಜೋಡಿಸುವ ಸರ್ಜರಿ) ಆಯ್ತು. 118 ಕೆ.ಜಿ. ಇದ್ದವಳು 76ಕ್ಕೆ ಇಳಿದು, ಒಂದು ವರ್ಷದಿಂದ ಅಲ್ಲೇ ನಿಂತಿದ್ದೆ. ಈಗ 3 ವಾರದಲ್ಲಿ 83 ತೋರಿಸ್ತಿದೆ. ಮೊದಲು ತೂಕದ ಯಂತ್ರವೇ ಕೆಟ್ಟಿದೆ ಅಂದುಕೊಂಡೆ, ಬೇರೆ ಕಡೆ ನೋಡಿದರೂ ಅದೇ. ನಾನು ತಿನ್ನೋದು ಏನೂ ಹೆಚ್ಚಾಗಿಲ್ಲ, ಆಣೆ ಮಾಡಿ ಹೇಳ್ತೀನಿ. ಆದರೆ ಮನೆಯವರು "ಯಾರಿಗೂ ಗೊತ್ತಾಗದ ಹಾಗೆ ತಿಂತಿದೀಯ" ಅಂತಾರೆ. ಹೆದರಿಕೆಯಿಂದ ಈಗ ಊಟ ಅರ್ಧಕ್ಕೆ ಇಳಿಸಿದೀನಿ, ಆದರೂ ಏರ್ತಾನೇ ಇದೆ. ಹೊಟ್ಟೆ ಮತ್ತೆ ಹಿಗ್ಗಿಬಿಟ್ಟಿದೆಯಾ? ಸರ್ಜರಿ ಫೇಲ್ ಆಯ್ತಾ?

ಡಾಕ್ಟರ್ (ಬೇರಿಯಾಟ್ರಿಕ್ ಸರ್ಜನ್, ಅಂದರೆ ತೂಕ ಇಳಿಸುವ ಸರ್ಜರಿ ಮಾಡುವವರು):
ನೀವು ಕದ್ದು ತಿಂತಿಲ್ಲ ಅನ್ನೋದಕ್ಕೆ ಆಣೆ ಬೇಡ, ಲೆಕ್ಕವೇ ಸಾಕು. ಮೈಯಲ್ಲಿ 1 ಕೆ.ಜಿ. ಕೊಬ್ಬು ಸೇರಬೇಕಾದರೆ ಖರ್ಚಾಗುವುದಕ್ಕಿಂತ ಸುಮಾರು 7700 ಕ್ಯಾಲೊರಿ ಹೆಚ್ಚಾಗಿ ಒಳಗೆ ಹೋಗಬೇಕು. 7 ಕೆ.ಜಿ. ಅಂದರೆ ಸುಮಾರು 54,000. ಅದನ್ನು 21 ದಿನಕ್ಕೆ ಹಂಚಿದರೆ, ನಿಮ್ಮ ಮಾಮೂಲಿ ಊಟದ ಮೇಲೆ ದಿನಾ 2500 ಕ್ಯಾಲೊರಿ ಜಾಸ್ತಿ ತಿನ್ನಬೇಕಿತ್ತು. ಬೈಪಾಸ್ ಆದವರಿಗೆ ಅಷ್ಟನ್ನು ದಿನವೂ ತಿಂದು ಅರಗಿಸಿಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಅದಕ್ಕೇ ಇಂಥ ಏರಿಕೆ ಕಂಡಾಗ ನಾವು ಎಷ್ಟು ಏರಿತು ಅನ್ನುವುದಕ್ಕಿಂತ ಎಷ್ಟು ದಿನದಲ್ಲಿ ಏರಿತು ಅಂತ ಮೊದಲು ಕೇಳುತ್ತೇವೆ. ತಿಂಗಳುಗಟ್ಟಲೆ ನಿಧಾನವಾಗಿ ಏರಿದ್ದು ಬಹುಪಾಲು ಕೊಬ್ಬು. ದಿನಗಳಲ್ಲಿ, ವಾರಗಳಲ್ಲಿ ಏರಿದ್ದು ಬಹುಪಾಲು ನೀರು. 1 ಲೀಟರ್ ನೀರು ಮೈಯಲ್ಲಿ ನಿಂತರೆ ತೂಕ 1 ಕೆ.ಜಿ. ಏರುತ್ತದೆ.

ಊಟ ಅರ್ಧ ಮಾಡಿದ್ದನ್ನು ಇವತ್ತೇ ನಿಲ್ಲಿಸಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಇವಿಷ್ಟು ತಿಳಿಸಿ: ಸಂಜೆ ಹೊತ್ತಿಗೆ ಪಾದ ಊದುತ್ತದಾ, ಬೆರಳಲ್ಲಿ ಒತ್ತಿ ಹಿಡಿದರೆ ಗುಳಿ ಬೀಳುತ್ತದಾ? ಅಂಗಾತ ಮಲಗಿದರೆ ಉಸಿರು ಕಟ್ಟುತ್ತದಾ? ಮೂತ್ರ ಕಡಿಮೆಯಾಗಿದೆಯಾ, ನೊರೆ ಬರುತ್ತಿದೆಯಾ? ಭೇದಿ ಅಥವಾ ವಾಂತಿ? ಕೂದಲು ಉದುರುವುದು? ಮುಟ್ಟು ಸರಿಯಾಗಿ ಆಗುತ್ತಿದೆಯಾ? ಕಳೆದ 2 ತಿಂಗಳಲ್ಲಿ ಹೊಸದಾಗಿ ಶುರುವಾದ ಪ್ರತಿಯೊಂದು ಗುಳಿಗೆ, ಇಂಜೆಕ್ಷನ್. ಸರ್ಜರಿ ಆದ ಮೇಲೆ ಕೊಟ್ಟ ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮುಂದುವರಿದಿವೆಯಾ?

ಪ್ರಶ್ನೆ ಕೇಳಿದವರು:
ಮೇಡಂ, ಓದಿ ಕಣ್ಣಲ್ಲಿ ನೀರು ಬಂತು. ಕಾಲು ಊದ್ತಿದೆ, ಗುಳಿ ಬೀಳುತ್ತೆ. ಚಪ್ಪಲಿ ಬಿಗಿ. ಬೆಳಿಗ್ಗೆ ಎದ್ದಾಗ ಕಣ್ಣಿನ ಕೆಳಗೂ ದಪ್ಪ. ಉಸಿರು ತೊಂದರೆ ಇಲ್ಲ. ದಿನಕ್ಕೆ ನಾಲ್ಕೈದು ಸಲ ತೆಳ್ಳಗೆ ಭೇದಿ, ಅದು ತಿಂಗಳುಗಳಿಂದ ಇದೆ, ಸರ್ಜರಿ ಆದವರಿಗೆ ಹೀಗೇ ಅಂದುಕೊಂಡು ಸುಮ್ಮನಿದ್ದೆ. ಕೂದಲು ಮತ್ತೆ ತುಂಬಾ ಉದುರ್ತಿದೆ. ಮುಟ್ಟು ಸರಿ ಇದೆ. ವಿಟಮಿನ್ ಬಿಟ್ಟು ವರ್ಷ ಆಯ್ತು. ಮಂಡಿ ನೋವಿಗೆ ಒಂದು ತಿಂಗಳಿಂದ ಡೈಕ್ಲೋಫೆನಾಕ್ ದಿನಾ ಎರಡು ತಗೊಳ್ತಿದೀನಿ, ಮೆಡಿಕಲ್ ಶಾಪಲ್ಲೇ ಕೇಳಿ ತಗೊಂಡದ್ದು.

ಸದಸ್ಯ:
ನನಗೂ ಹೀಗೇ ಆಗಿತ್ತು. ನೀರಿಳಿಸುವ ಗುಳಿಗೆ ತಗೊಂಡೆ, ನಾಲ್ಕೇ ದಿನದಲ್ಲಿ 4 ಕೆ.ಜಿ. ಹೋಯ್ತು. ಅಕ್ಕ, ನೀವೂ ಟ್ರೈ ಮಾಡಿ.

ಡಾಕ್ಟರ್:
ದಯವಿಟ್ಟು ಯಾರೂ ಇದನ್ನು ಮಾಡಬೇಡಿ. ನೀರಿಳಿಸುವ ಗುಳಿಗೆ ತೂಕದ ಯಂತ್ರದ ಅಂಕಿ ಇಳಿಸುತ್ತದೆ, ನೀರು ನಿಂತದ್ದು ಯಾಕೆ ಅನ್ನೋದು ಹಾಗೇ ಉಳಿಯುತ್ತದೆ. ಭೇದಿ ಇರುವವರಿಗೆ ಇದು ಇನ್ನೂ ಅಪಾಯ: ಪೊಟ್ಯಾಸಿಯಂ ಕುಸಿದು ಎದೆಬಡಿತ ಏರುಪೇರಾಗಬಹುದು, ಕಿಡ್ನಿಗೆ ಪೆಟ್ಟು ಬೀಳಬಹುದು. ಡೈಕ್ಲೋಫೆನಾಕ್ ಜೊತೆಗೆ ಸೇರಿದರೆ ಕಿಡ್ನಿಯ ಅಪಾಯ ಇನ್ನೂ ಹೆಚ್ಚು. ಸರ್, ನಿಮಗೂ ನೀರು ನಿಂತದ್ದು ಯಾಕೆ ಅಂತ ಯಾರಾದರೂ ನೋಡಿದ್ದಾರಾ? ಇಲ್ಲವಾದರೆ ನೀವೂ ತೋರಿಸಿಕೊಳ್ಳಿ.

ತಂಗೀ, ಈಗ ನಿಮ್ಮ ವಿಷಯ. ಡೈಕ್ಲೋಫೆನಾಕ್ ಈಗಲೇ ನಿಲ್ಲಿಸಿ. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಕೂಡ ಅದೇ ಗುಂಪಿನವು. ಈ ಗುಳಿಗೆಗಳು ಕಿಡ್ನಿಯಲ್ಲಿ ಉಪ್ಪನ್ನೂ ನೀರನ್ನೂ ತಡೆದು ನಿಲ್ಲಿಸುತ್ತವೆ, ಊತ ಬರುತ್ತದೆ. ಬೈಪಾಸ್ ಆದವರಿಗೆ ಅದಕ್ಕಿಂತ ದೊಡ್ಡ ತೊಂದರೆ ಒಂದಿದೆ. ಹೊಟ್ಟೆಯನ್ನು ಕರುಳಿಗೆ ಜೋಡಿಸಿದ ಜಾಗದಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ತೂತೂ ಬೀಳಬಹುದು. ಬೈಪಾಸ್ ಆದವರಿಗೆ ಈ ಗುಂಪಿನ ಗುಳಿಗೆ ಜೀವನಪೂರ್ತಿ ಬೇಡ ಅಂತಲೇ ನಾವು ಹೇಳುವುದು. ಮಲ ಟಾರಿನಂತೆ ಕಪ್ಪಾಗಿದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಮಂಡಿ ನೋವಿಗೆ ಸದ್ಯಕ್ಕೆ ಪ್ಯಾರಾಸಿಟಮಾಲ್, ಅದೂ ನಿಮ್ಮನ್ನು ನೋಡುವ ವೈದ್ಯರು ಹೇಳಿದ ಪ್ರಮಾಣದಲ್ಲಿ.

ಆದರೆ ಗುಳಿಗೆ ಒಂದರಿಂದಲೇ 7 ಕೆ.ಜಿ. ಏರಿತು ಅಂತ ನನಗೆ ಅನ್ನಿಸುತ್ತಿಲ್ಲ. ತಿಂಗಳುಗಟ್ಟಲೆ ಭೇದಿ, ಕೂದಲು ಉದುರುವುದು, ಮಿನಿ ಬೈಪಾಸ್ ಈ ಮೂರನ್ನೂ ಒಟ್ಟಿಗೆ ಕೇಳಿದಾಗ ನನ್ನ ತಲೆಗೆ ಮೊದಲು ಬರುವುದು ಪ್ರೋಟೀನ್ ಕೊರತೆ. ಮಿನಿ ಬೈಪಾಸ್‌ನಲ್ಲಿ ಸಣ್ಣ ಕರುಳಿನ ಮೊದಲ ಉದ್ದನೆಯ ಭಾಗವನ್ನು ಆಹಾರ ಮುಟ್ಟುವುದೇ ಇಲ್ಲ. ಕೆಲವರಲ್ಲಿ, ಮುಖ್ಯವಾಗಿ ಆ ಭಾಗ ತುಂಬಾ ಉದ್ದ ಬಿಟ್ಟಿದ್ದರೆ, ತಿಂದ ಪ್ರೋಟೀನ್ ಪೂರ್ತಿ ಮೈಗೆ ಹತ್ತುವುದಿಲ್ಲ. ಆಗ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನ್ ಇಳಿಯುತ್ತದೆ. ರಕ್ತನಾಳದೊಳಗೆ ನೀರನ್ನು ಹಿಡಿದಿಡುವುದು ಹೆಚ್ಚಾಗಿ ಆಲ್ಬುಮಿನ್ನೇ. ಅದು ಕಡಿಮೆಯಾದಾಗ ನೀರು ಹೊರಗೆ ಜಿನುಗಿ ಕಾಲಲ್ಲಿ, ಮುಖದಲ್ಲಿ, ಕೆಲವೊಮ್ಮೆ ಹೊಟ್ಟೆಯಲ್ಲಿ ನಿಲ್ಲುತ್ತದೆ. ಮೈ ಒಳಗೊಳಗೇ ಸೊರಗುತ್ತಿರುತ್ತದೆ, ತೂಕ ಮಾತ್ರ ಏರುತ್ತಿರುತ್ತದೆ. ಅದಕ್ಕೇ ಊಟ ಕಡಿಮೆ ಮಾಡಬೇಡಿ ಅಂದದ್ದು. ನೀವು ಹೆದರಿ ಊಟ ಇಳಿಸಿದಷ್ಟೂ ಪ್ರೋಟೀನ್ ಇನ್ನೂ ಇಳಿದು ಊತ ಹೆಚ್ಚಾಗುತ್ತದೆ.

ಇದು ನನ್ನ ಅಂದಾಜು. ಹೃದಯ, ಕಿಡ್ನಿ, ಲಿವರ್‌ನಿಂದಲೂ ಇಂಥದೇ ಊತ ಬರುತ್ತದೆ, ಅವನ್ನು ಪರೀಕ್ಷೆ ಮಾಡಿಯೇ ಬದಿಗಿಡಬೇಕು. ಸರ್ಜರಿ ಮಾಡಿದ ತಂಡವನ್ನು ಈ ವಾರವೇ ನೋಡಿ: ಆಲ್ಬುಮಿನ್ ಸೇರಿದ ಲಿವರ್ ಪರೀಕ್ಷೆ, ಕ್ರಿಯಾಟಿನಿನ್ (ಕಿಡ್ನಿಗೆ), ಪೊಟ್ಯಾಸಿಯಂ, ಮೂತ್ರದಲ್ಲಿ ಪ್ರೋಟೀನ್, ಹಿಮೋಗ್ಲೋಬಿನ್, ಟಿಎಸ್‌ಎಚ್ (ಥೈರಾಯ್ಡ್‌ಗೆ), ಇಸಿಜಿ, ಎಕೋ (ಹೃದಯದ ಸ್ಕ್ಯಾನ್). ಮುಟ್ಟು ಸರಿ ಇದ್ದರೂ ಗರ್ಭಧಾರಣೆಯ ಪರೀಕ್ಷೆ ಒಂದನ್ನು ಮಾಡಿಸಿ. ತೂಕ ಇಳಿದ ಮೇಲೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ಆದ ಮೇಲೆ ಗರ್ಭನಿರೋಧಕ ಗುಳಿಗೆಯನ್ನು ಪೂರ್ತಿ ನಂಬುವ ಹಾಗಿಲ್ಲ.

ಸದಸ್ಯೆ:
ಮೇಡಂ, ಯಾವಾಗ ಕಾಯದೆ ಎಮರ್ಜೆನ್ಸಿಗೆ ಓಡಬೇಕು?

ಡಾಕ್ಟರ್:
ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರಬೇಕಾದರೆ. ಎದೆನೋವು ಬಂದರೆ. ಒಂದೇ ಕಾಲು ಊದಿ ನೋವಿದ್ದರೆ, ಯಾಕೆಂದರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಮೂತ್ರ ತೀರಾ ಕಡಿಮೆಯಾದರೆ, ಕಪ್ಪು ಮಲ ಅಥವಾ ರಕ್ತವಾಂತಿ ಆದರೆ.

ಇನ್ನೊಂದನ್ನು ಒತ್ತಿ ಹೇಳಬೇಕು, ಯಾಕೆಂದರೆ ಎಷ್ಟೋ ಕಡೆ ಇದು ಗಮನಕ್ಕೇ ಬರುವುದಿಲ್ಲ. ಸರ್ಜರಿ ಆದವರಿಗೆ ದಿನಗಟ್ಟಲೆ ವಾಂತಿಯಾಗಿ, ಕಣ್ಣೆದುರು ಎರಡೆರಡು ಕಾಣುವುದು, ನಡೆದರೆ ತೂರಾಡುವುದು, ಮಾತು ಗೊಂದಲವಾಗುವುದು ಶುರುವಾದರೆ ಅದು ಥಯಾಮಿನ್, ಅಂದರೆ ಬಿ1 ಕೊರತೆ ಇರಬಹುದು. ಅದೇ ಕೊರತೆ ಹೃದಯವನ್ನು ಕೆಡಿಸಿ ಮೈಯೆಲ್ಲ ಊದಿಸಲೂಬಹುದು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಡ್ರಿಪ್ ಹಾಕುವ ಮೊದಲು "ಬೇರಿಯಾಟ್ರಿಕ್ ಸರ್ಜರಿ ಆಗಿದೆ, ಥಯಾಮಿನ್ ಕೊಡಿ" ಅಂತ ಜೊತೆಗೆ ಹೋದವರು ಬಾಯಿಬಿಟ್ಟು ಹೇಳಬೇಕು. ಥಯಾಮಿನ್ ಇಲ್ಲದೆ ಗ್ಲೂಕೋಸ್ ಹೋದರೆ ಮೆದುಳಿಗೆ ಶಾಶ್ವತ ಹಾನಿ ಆಗಬಹುದು.

ಸದಸ್ಯ:
ಡಾಕ್ಟ್ರೇ, ನನ್ನದು ಸ್ಲೀವ್ (ಹೊಟ್ಟೆಯ ಬಹುಭಾಗ ತೆಗೆದು ಕೊಳವೆಯಷ್ಟು ಉಳಿಸುವ ಸರ್ಜರಿ), 5 ವರ್ಷ ಆಯ್ತು. ನನಗೆ ದಿಢೀರ್ ಅಂತಲ್ಲ, ಒಂದೂವರೆ ವರ್ಷದಲ್ಲಿ 9 ಕೆ.ಜಿ. ಏರಿದೆ. ಊತ ಏನಿಲ್ಲ. ಸ್ಲೀವ್ ಹಿಗ್ಗಿದೆ, ಇನ್ನೊಂದು ಸರ್ಜರಿ ಮಾಡಿಸಿ ಅಂತ ಒಬ್ಬರು ಹೇಳಿದ್ರು.

ಡಾಕ್ಟರ್:
ನಿಮ್ಮದು ಬೇರೆಯೇ ಕಥೆ. ಸರ್ಜರಿ ಯಾವುದೇ ಇರಲಿ, ತೂಕ ಅತಿ ಕಡಿಮೆಗೆ ಇಳಿಯುವುದು ಸುಮಾರಾಗಿ 1ರಿಂದ 2 ವರ್ಷದೊಳಗೆ, ಆಮೇಲೆ ಸ್ವಲ್ಪ ಮೇಲೇರುತ್ತದೆ. ಸ್ವೀಡನ್ನಿನಲ್ಲಿ 1987ರಲ್ಲಿ ಶುರುವಾದ ದೊಡ್ಡ ಅಧ್ಯಯನದಲ್ಲಿ ಬೈಪಾಸ್ ಆದವರು ಮೊದಲು ಸರಾಸರಿ 32% ತೂಕ ಇಳಿಸಿಕೊಂಡಿದ್ದರು, 10ನೇ ವರ್ಷಕ್ಕೆ ಅದು 25%ಕ್ಕೆ ಬಂದು ನಿಂತಿತ್ತು. ಹಾಗಾಗಿ ಒಂದಿಷ್ಟು ಏರಿದ ಕೂಡಲೇ ಸರ್ಜರಿ ಸೋತಿತು ಅನ್ನಬೇಡಿ.

ಇನ್ನೊಂದು ಸರ್ಜರಿಗೆ ಮೊದಲು ನಾನಾದರೆ ನೋಡುವುದು ಇವನ್ನು. ತೂಕ ಏರಿಸಬಲ್ಲ ಔಷಧಿ: ಸ್ಟೀರಾಯ್ಡ್ (ಮಂಡಿಗೆ, ಭುಜಕ್ಕೆ ಚುಚ್ಚಿಸಿಕೊಂಡದ್ದೂ ಲೆಕ್ಕಕ್ಕೆ ಬರುತ್ತದೆ), ಸಕ್ಕರೆ ಕಾಯಿಲೆಯ ಇನ್ಸುಲಿನ್, ಪಯೋಗ್ಲಿಟಜೋನ್, ಮಾನಸಿಕ ಕಾಯಿಲೆಯ ಮಿರ್ಟಜಪಿನ್, ಒಲಾಂಜಪಿನ್, ಫಿಟ್ಸ್‌ನ ವ್ಯಾಲ್ಪ್ರೊಯೇಟ್, ನರದ ನೋವಿನ ಪ್ರೆಗಾಬಲಿನ್. ಇವುಗಳಲ್ಲಿ ಯಾವುದನ್ನೂ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ. ಥೈರಾಯ್ಡ್ ಗುಳಿಗೆ ತಗೊಳ್ಳುವವರಾದರೆ ಅದಕ್ಕೂ ಕ್ಯಾಲ್ಸಿಯಂ, ಕಬ್ಬಿಣದ ಗುಳಿಗೆಗೂ 4 ಗಂಟೆ ಅಂತರ ಇದೆಯಾ? ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಿದ್ದೆ, ಮದ್ಯ, ಸಿಹಿ ಪಾನೀಯ. ಸ್ಲೀವ್ ಗಟ್ಟಿ ಆಹಾರವನ್ನು ತಡೆಯುತ್ತದೆ, ಕುಡಿದದ್ದು ತಡೆಯಿಲ್ಲದೆ ಇಳಿದುಹೋಗುತ್ತದೆ. ಇನ್ನು ದಿನವಿಡೀ ಸ್ವಲ್ಪ ಸ್ವಲ್ಪ ಬಾಯಿಗೆ ಹಾಕಿಕೊಳ್ಳುವ ಅಭ್ಯಾಸ. ತಿಂದ 1ರಿಂದ 3 ಗಂಟೆಯಲ್ಲಿ ಬೆವರಿ ನಡುಕ ಬಂದು ಏನಾದರೂ ತಿನ್ನಲೇಬೇಕು ಅನ್ನಿಸುತ್ತಿದ್ದರೆ ಅದು ಸಕ್ಕರೆ ಕುಸಿಯುವುದರಿಂದ ಇರಬಹುದು. ಅದನ್ನು ಬಾಯಿಚಪಲ ಅಂತ ಬೈದುಕೊಂಡು ಕೂರಬೇಡಿ, ಚಿಕಿತ್ಸೆ ಇದೆ.

ಇದೆಲ್ಲ ನೋಡಿದ ಮೇಲೆ ಎಂಡೋಸ್ಕೋಪಿ ಮತ್ತು ಬೇರಿಯಂ ಕುಡಿಸಿ ತೆಗೆಯುವ ಎಕ್ಸ್-ರೇ. ಎದೆಯುರಿ ಜೋರಾಗಿದ್ದು ಸ್ಲೀವ್ ಕೂಡ ನಿಜಕ್ಕೂ ಹಿಗ್ಗಿದ್ದರೆ ಬೈಪಾಸ್‌ಗೆ ಬದಲಿಸುವ ಮಾತು ಬರುತ್ತದೆ. ಹಸಿವು ತಗ್ಗಿಸುವ ಲಿರಾಗ್ಲುಟೈಡ್, ಸೆಮಾಗ್ಲುಟೈಡ್ ಇಂಜೆಕ್ಷನ್‌ಗಳು ಮರಳಿ ಏರಿದ ತೂಕಕ್ಕೂ ಕೆಲಸ ಮಾಡುತ್ತವೆ. ಪರೀಕ್ಷೆ ಮಾಡದೆ ಸೀದಾ ಆಪರೇಷನ್ ಅಂದರೆ ಇನ್ನೊಬ್ಬರ ಅಭಿಪ್ರಾಯ ಕೇಳಿ.

ಸದಸ್ಯೆ:
ತಮ್ಮನಿಗೆ ಸರ್ಜರಿ ಆಗಿ 3 ದಿನ. ಹೋಗುವಾಗ ಇದ್ದದ್ದಕ್ಕಿಂತ 3 ಕೆ.ಜಿ. ಜಾಸ್ತಿ ತೋರಿಸ್ತಿದೆ!

ಡಾಕ್ಟರ್:
ಡ್ರಿಪ್‌ನ ನೀರು. ಜ್ವರ, ಜೋರು ಎದೆಬಡಿತ, ಏದುಸಿರು, ಹೊಟ್ಟೆನೋವು ಇಲ್ಲದಿದ್ದರೆ ಚಿಂತೆ ಬೇಡ, ಒಂದು ವಾರ ತೂಕ ನೋಡಲೇಬೇಡಿ. ಅವುಗಳಲ್ಲಿ ಒಂದು ಇದ್ದರೂ ಹೊಟ್ಟೆಯೊಳಗಿನ ಹೊಲಿಗೆ ಸೋರುತ್ತಿದೆಯಾ ಅಂತ ಅವತ್ತೇ ನೋಡಿಸಬೇಕು.

ಪ್ರಶ್ನೆ ಕೇಳಿದವರು (ರಿಪೋರ್ಟ್ ಬಂದ ಮೇಲೆ):
ಮೇಡಂ, ಆಲ್ಬುಮಿನ್ 2.5 ಇದೆ. ಹಿಮೋಗ್ಲೋಬಿನ್ 9.2. ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಕ್ರಿಯಾಟಿನಿನ್, ಟಿಎಸ್‌ಎಚ್, ಎಕೋ ಎಲ್ಲ ಸರಿ ಇದೆ. ಎಂಡೋಸ್ಕೋಪಿಯಲ್ಲಿ ಜೋಡಣೆ ಹತ್ತಿರ ಸಣ್ಣ ಹುಣ್ಣು. ಅಡ್ಮಿಟ್ ಆಗಿ ಅಂದಿದಾರೆ. ಈ ರಿಪೋರ್ಟ್ ಮನೆಯವರಿಗೆ ತೋರಿಸಿದೆ, ಈಗ ಯಾರೂ ಮಾತಾಡ್ತಿಲ್ಲ.

ಡಾಕ್ಟರ್:
ಅಡ್ಮಿಟ್ ಆಗಿ, ಹಿಂದೆಮುಂದೆ ನೋಡಬೇಡಿ. ಆಲ್ಬುಮಿನ್ 3.5ಕ್ಕಿಂತ ಮೇಲಿರಬೇಕಿತ್ತು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿಲ್ಲ, ಹೃದಯ ಚೆನ್ನಾಗಿದೆ, ಹಾಗಾದರೆ ಉಳಿಯುವುದು ಮೈಗೆ ಹತ್ತದ ಪ್ರೋಟೀನ್, ಅದರ ಮೇಲೆ ಡೈಕ್ಲೋಫೆನಾಕ್ ಹಿಡಿದಿಟ್ಟ ನೀರು. ನಿಧಾನವಾಗಿ ಇಳಿಯುತ್ತಿದ್ದ ಆಲ್ಬುಮಿನ್ ಜೊತೆಗೆ ಗುಳಿಗೆಯೂ ಸೇರಿದ್ದರಿಂದ ಇಷ್ಟು ಬೇಗ ಏರಿದಂತೆ ಕಂಡಿದೆ.

ಅಲ್ಲಿ ಇವನ್ನು ಕೇಳಿ: ಕರುಳಿನಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದು ಭೇದಿ ಆಗುತ್ತಿದೆಯಾ? ಆಹಾರ ಅರಗಿಸುವ ಮೇದೋಜೀರಕದ (ಪ್ಯಾಂಕ್ರಿಯಾಸ್) ಕಿಣ್ವದ ಗುಳಿಗೆ ಬೇಕಾಗುತ್ತದಾ? ಎರಡಕ್ಕೂ ಸುಲಭದ ಚಿಕಿತ್ಸೆ ಇದೆ. ಕಬ್ಬಿಣ, ಬಿ12, ಸತು, ತಾಮ್ರ, ವಿಟಮಿನ್ ಎ, ಡಿ ನೋಡಲು ಹೇಳಿ. ಆಹಾರ ತಜ್ಞರು ಪ್ರೋಟೀನ್ ಅನ್ನು ಹಂತಹಂತವಾಗಿ ಏರಿಸುತ್ತಾರೆ. ದಿನಕ್ಕೆ 60ರಿಂದ 80 ಗ್ರಾಂ ಅನ್ನುವುದು ಸರ್ಜರಿ ಆದವರಿಗೆ ಸಾಮಾನ್ಯವಾಗಿ ಹೇಳುವ ಗುರಿ, ನಿಮಗೆ ಇನ್ನೂ ಹೆಚ್ಚು ಬೇಕಾಗಬಹುದು. ಒಮ್ಮೆಗೇ ತುಂಬಿಕೊಳ್ಳಲು ಹೋಗಬೇಡಿ. ಸೊರಗಿದ ಮೈಗೆ ದಿಢೀರನೆ ಆಹಾರ ಸುರಿದರೆ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ತೊಂದರೆಯಾಗುತ್ತದೆ. ಇಷ್ಟೆಲ್ಲ ಮಾಡಿಯೂ ಆಲ್ಬುಮಿನ್ ಮೇಲೇಳದಿದ್ದರೆ ಬೈಪಾಸ್ ಆದ ಕರುಳಿನ ಉದ್ದವನ್ನು ಕಡಿಮೆ ಮಾಡುವ ಆಪರೇಷನ್ ಇದೆ. ಅದು ಕೊನೆಯ ಮಾತು.

ಪ್ರಶ್ನೆ ಕೇಳಿದವರು:
ಪ್ರೋಟೀನ್ ಜಾಸ್ತಿ ತಿಂದು ಮತ್ತೆ 118ಕ್ಕೆ ಹೋಗ್ಬಿಟ್ರೆ ಅಂತ ಈಗಲೂ ಭಯ ಆಗುತ್ತೆ ಮೇಡಂ.

ಡಾಕ್ಟರ್:
ಭಯ ಆಗುವುದು ಸಹಜ. 40ಕ್ಕೂ ಹೆಚ್ಚು ಕೆ.ಜಿ. ಇಳಿಸಿದವರಿಗೆ ತೂಕದ ಯಂತ್ರದ ಮೇಲೆ ಒಂದು ಅಂಕಿ ಏರಿದರೂ ಎದೆ ಧಸಕ್ಕೆನ್ನುತ್ತದೆ, ದಿನಾ ನೋಡುತ್ತೇನೆ. ಚಿಕಿತ್ಸೆ ಶುರುವಾದ ಮೇಲೆ ಮೊದಲು ನೀರು ಇಳಿಯುತ್ತದೆ, ತೂಕ 76ಕ್ಕಿಂತ ಕೆಳಗೂ ಹೋಗಬಹುದು. ಅದನ್ನು ನೋಡಿ ಸಂತೋಷಪಡಬೇಡಿ, ಅಷ್ಟು ಮಾಂಸಖಂಡ ಕಳೆದುಕೊಂಡಿದ್ದೀರಿ ಅಂತ ಅರ್ಥ. ಆಮೇಲೆ ಎರಡು ಮೂರು ಕೆ.ಜಿ. ನಿಧಾನವಾಗಿ ಏರಿದರೆ ಅದು ಆ ಮಾಂಸಖಂಡ ವಾಪಸ್ ಬರುತ್ತಿರುವುದು, ಬರಲಿ ಬಿಡಿ. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದಾ, ಮೆಟ್ಟಿಲು ಹತ್ತುವುದು ಸುಲಭವಾಗುತ್ತಿದೆಯಾ, ಅದನ್ನು ಗಮನಿಸಿ.

ಮನೆಗೆ ಬಂದ ಮೇಲೆ ಊತ ಪೂರ್ತಿ ಇಳಿಯುವವರೆಗೆ ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಏನೂ ತಿನ್ನುವ ಮೊದಲು ತೂಕ ನೋಡಿ ಬರೆದಿಡಿ. ಆಮೇಲೆ ವಾರಕ್ಕೆ ಒಂದು ಸಲ ಸಾಕು. 3 ದಿನದಲ್ಲಿ 2 ಕೆ.ಜಿ. ಏರಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಊಟವನ್ನೂ ಬಿಡಬೇಡಿ. ಅವತ್ತೇ ನಿಮ್ಮ ಸರ್ಜರಿ ತಂಡಕ್ಕೆ ಫೋನ್ ಮಾಡಿ.