ಅಪ್‌ಡೇಟ್: ಅಪ್ಪನೊಂದಿಗೆ ಕುದುರೆಮುಖ ಹತ್ತಿ ಬಂದೆವು

63 ವರ್ಷದ ಅಪ್ಪನನ್ನು ಕುದುರೆಮುಖ ಶಿಖರಕ್ಕೆ ಕರೆದೊಯ್ಯಬಹುದೇ, ಯಾವ ತಿಂಗಳು ಒಳ್ಳೆಯದು ಎಂದು ಜುಲೈನಲ್ಲಿ ಇಲ್ಲಿ ಕೇಳಿದ್ದೆ. ಮಳೆ ಇಳಿಯುವವರೆಗೆ ಕಾಯಿರಿ ಎಂದಿರಿ. ಕಾದೆವು, ಅಕ್ಟೋಬರ್ ಕೊನೆಯಲ್ಲಿ ಹೋಗಿಬಂದೆವು. ಆ ಸಲಹೆಗೆ ಹೃತ್ಪೂರ್ವಕ ಕೃತಜ್ಞತೆಗಳು.

ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಅನುಮತಿ ಪಡೆಯಿರಿ ಎಂದವರ ಮಾತನ್ನು ನಾನೂ ಒತ್ತಿ ಹೇಳುತ್ತೇನೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ, ವಾರಾಂತ್ಯದ ಜಾಗಗಳು ಬೇಗ ಮುಗಿಯುತ್ತವೆ. ನಾವು ಮಂಗಳವಾರ ಹೋದದ್ದು ಅದಕ್ಕೇ. ಹಿಂದಿನ ರಾತ್ರಿ ಕಳಸದ ಬಳಿ ಉಳಿದು, ಬೆಳಗ್ಗೆ ಜೀಪಿನಲ್ಲಿ ಚಾರಣ ಶುರುವಾಗುವ ಮುಳ್ಳೋಡಿ ತಲುಪಿದೆವು. ಆ ಕಲ್ಲುದಾರಿಗೆ ಸ್ವಂತ ಕಾರು ಬೇಡವೇ ಬೇಡ.

ಹೋಗಿಬರಲು ಸುಮಾರು 20 ಕಿಲೋಮೀಟರ್. ದಾರಿಯ ಗುರುತಾದ ಒಂಟಿಮರದವರೆಗೆ ಅಪ್ಪ ನನಗಿಂತ ಮುಂದಿದ್ದರು. ಆಮೇಲಿನ ಏರಿನಲ್ಲಿ ಮಾತ್ರ ಹತ್ತು ಹೆಜ್ಜೆಗೊಮ್ಮೆ ನಿಂತರು. ತೊರೆ ದಾಟಿ ಕುಳಿತಾಗ ನೋಡಿದರೆ ಅವರ ಕಾಲುಚೀಲದ ಅಂಚಿನಲ್ಲಿ ಮೂರು ಇಂಬಳ (ಜಿಗಣೆ), ಒಂದು ಆಗಲೇ ಕಪ್ಪುದ್ರಾಕ್ಷಿಯಷ್ಟು ಉಬ್ಬಿತ್ತು. ಉಪ್ಪಿನ ಬಟ್ಟೆಗಂಟು ಒತ್ತಿದ ಕೂಡಲೇ ಉದುರಿತು. ರಕ್ತ ನಿಲ್ಲಲು ತುಸು ಹೊತ್ತು ಹಿಡಿಯಿತು, ಹೆದರುವಂಥದ್ದೇನಲ್ಲ.

ಶಿಖರದಲ್ಲಿ ಮಂಜು ಸರಿದದ್ದು ಐದೇ ನಿಮಿಷ. ಕಣಿವೆಯ ಮಡಿಲಲ್ಲಿ ಶೋಲಾ ಕಾಡು, ಅಂದರೆ ಗಿಡ್ಡ ಮರಗಳ ದಟ್ಟ ಕಾಡು; ಮೇಲೆಲ್ಲ ಹುಲ್ಲು. ಅಪ್ಪ ಟೋಪಿ ತೆಗೆದು ಸುಮ್ಮನೆ ನಿಂತುಬಿಟ್ಟರು.

ಇಳಿಯುವಾಗ ಮೊಣಕಾಲು ನೋಯುತ್ತದೆ, ಹಿರಿಯರಿಗೆ ಊರುಗೋಲು ಇರಲಿ. ಕತ್ತಲಾಗುವ ಮುನ್ನ ಕೆಳಗಿಳಿಯಬೇಕು, ಆದ್ದರಿಂದ ಬೇಗ ಹೊರಡಿ. ಮುಂದಿನ ವರ್ಷಕ್ಕೆ ಅಮ್ಮನೂ ಬರುವುದಾಗಿ ಹೇಳಿದ್ದಾರೆ.